ದಾದಿಯರ ಪಾಳಿ ನಿಗದಿ ಸಮಸ್ಯೆ

ಆಸ್ಪತ್ರೆಯ ಯಾವ ದಾದಿ ಯಾವ ದಿನ ಯಾವ ಪಾಳಿಯಲ್ಲಿ ಕೆಲಸ ಮಾಡಬೇಕೆಂಬುದನ್ನು, ನಿಯಮಗಳನ್ನು ಮೀರದೆ ಮತ್ತು ಸಾಧ್ಯವಾದಷ್ಟು ನ್ಯಾಯಯುತವಾಗಿ ನಿರ್ಧರಿಸುವ ಗಣಿತದ ಸಮಸ್ಯೆಯನ್ನು ದಾದಿಯರ ಪಾಳಿ ನಿಗದಿ ಸಮಸ್ಯೆ ಎಂದು ಕರೆಯಲಾಗುತ್ತದೆ. ಗಣಕ ವಿಜ್ಞಾನದಲ್ಲಿ ಇದನ್ನು ಎನ್‌ಪಿ-ಹಾರ್ಡ್ ವರ್ಗಕ್ಕೆ ಸೇರಿಸಲಾಗಿದೆ. ಪಾಳಿ ಯೋಜನೆಯ ತಂತ್ರಾಂಶಗಳು ಬಿಡಿಸುವುದು ಮುಖ್ಯವಾಗಿ ಇಂತಹ ಸಮಸ್ಯೆಯನ್ನೇ.

ಇತಿಹಾಸ

1954ರಲ್ಲಿ ಲೆಸ್ಲಿ ಈಡಿಯವರು ನ್ಯೂಯಾರ್ಕ್‌ನ ಸುಂಕದ ಕಟ್ಟೆಗಳಲ್ಲಿ ವಾಹನಗಳು ಕಾಯುವ ಸಮಯ ಹಾಗೂ ಅಲ್ಲಿಗೆ ಬೇಕಾದ ಸಿಬ್ಬಂದಿಯ ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಅದೇ ವರ್ಷ ಜಾರ್ಜ್ ಡ್ಯಾಂಟ್ಸಿಗ್ ಅವರು ಅದಕ್ಕೆ ಪ್ರತಿಕ್ರಿಯೆಯಾಗಿ ಸಿಬ್ಬಂದಿ ಹಂಚಿಕೆಗೆ ಗಣಿತದ ಮಾದರಿಯೊಂದನ್ನು ಸೂಚಿಸಿದರು. ಮುಂದೆ ಈ ಮಾದರಿಯು ಆಸ್ಪತ್ರೆ, ವಿಮಾನಯಾನ ಮತ್ತು ಕಾಲ್ ಸೆಂಟರ್‌ಗಳಿಗೂ ವಿಸ್ತರಿಸಿತು. 2010ರಲ್ಲಿ ಈ ಸಮಸ್ಯೆಗಾಗಿಯೇ ಮೊದಲ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು.

ನಿಬಂಧನೆಗಳು

ನಿಬಂಧನೆಗಳಲ್ಲಿ ಎರಡು ಬಗೆ. ಮೀರಲೇಬಾರದವು ಕಠಿಣ ನಿಬಂಧನೆಗಳು: ಪ್ರತಿ ಪಾಳಿಗೆ ಕನಿಷ್ಠ ಸಿಬ್ಬಂದಿ, ಅಗತ್ಯ ತರಬೇತಿ ಪಡೆದವರ ಹಾಜರಿ, ಕಾನೂನಿನ ಕೆಲಸದ ಮಿತಿ. ಯುರೋಪಿಯನ್ ಒಕ್ಕೂಟದ 2003ರ ನಿರ್ದೇಶನವು 24 ಗಂಟೆಗಳಲ್ಲಿ ನಿರಂತರ 11 ಗಂಟೆಗಳ ವಿಶ್ರಾಂತಿಯನ್ನು ವಿಧಿಸುತ್ತದೆ. ರಾತ್ರಿ 10ಕ್ಕೆ ಪಾಳಿ ಮುಗಿಸಿದವರನ್ನು ಮರುದಿನ ಬೆಳಗ್ಗೆ 6ರ ಪಾಳಿಗೆ ಹಾಕಿದರೆ ವಿಶ್ರಾಂತಿ 8 ಗಂಟೆಗೆ ಇಳಿದು ಈ ನಿಯಮ ಮುರಿಯುತ್ತದೆ. ಭಾರತದಲ್ಲಿ 1948ರ ಕಾರ್ಖಾನೆಗಳ ಕಾಯ್ದೆಯು ಕಾರ್ಖಾನೆಯ ಕಾರ್ಮಿಕರಿಗೆ ವಾರಕ್ಕೆ 48 ಗಂಟೆಗಳ ಮಿತಿಯನ್ನು ಗೊತ್ತುಪಡಿಸಿತು.

ಸಾಧ್ಯವಾದಷ್ಟು ಪಾಲಿಸಬೇಕಾದವು ಮೃದು ನಿಬಂಧನೆಗಳು: ಕೋರಿದ ದಿನ ರಜೆ, ಹಬ್ಬದ ದಿನಗಳ ಸಮಾನ ಹಂಚಿಕೆ, ರಾತ್ರಿ ಪಾಳಿಗಳು ಒಬ್ಬರ ಮೇಲೆಯೇ ಬೀಳದಂತಹ ಸರದಿ. ಇವುಗಳಲ್ಲಿ ಒಂದೊಂದನ್ನು ಮುರಿದಾಗಲೂ ತಂತ್ರಾಂಶವು ಇಂತಿಷ್ಟು ದಂಡಾಂಕ ಸೇರಿಸುತ್ತದೆ. ಒಟ್ಟು ದಂಡಾಂಕ ಕನಿಷ್ಠವಿರುವ ಪಟ್ಟಿಯೇ ಉತ್ತಮ ಪಟ್ಟಿ.

ಸಮಸ್ಯೆಯ ಗಾತ್ರ

ಒಂದು ವಾರ್ಡಿಗೆ ದಿನಕ್ಕೆ 3 ಪಾಳಿ, ಪ್ರತಿ ಪಾಳಿಗೆ 4 ದಾದಿಯರು ಬೇಕೆಂದುಕೊಂಡರೆ ವಾರಕ್ಕೆ 84 ಡ್ಯೂಟಿಗಳಾಗುತ್ತವೆ. ಒಬ್ಬರು ವಾರಕ್ಕೆ 8 ಗಂಟೆಗಳ 6 ಡ್ಯೂಟಿ ಮಾಡಿದರೆ ಕನಿಷ್ಠ 14 ಮಂದಿ ಬೇಕು. ಪ್ರತಿಯೊಬ್ಬರಿಗೂ ಬೆಳಗು, ಮಧ್ಯಾಹ್ನ, ರಾತ್ರಿ, ರಜೆ ಎಂಬ 4 ಆಯ್ಕೆಗಳಿರುವುದರಿಂದ ಒಂದೇ ದಿನಕ್ಕೆ 26 ಕೋಟಿಗೂ ಹೆಚ್ಚು ಜೋಡಣೆಗಳು ಸಾಧ್ಯ. ಎಲ್ಲವನ್ನೂ ಪರೀಕ್ಷಿಸುವುದು ಅಸಾಧ್ಯವಾದ್ದರಿಂದ ತಂತ್ರಾಂಶಗಳು ಪೂರ್ಣಾಂಕ ಪ್ರೋಗ್ರಾಮಿಂಗ್ ಅಥವಾ ಹಂತಹಂತವಾಗಿ ಪಟ್ಟಿಯನ್ನು ಸುಧಾರಿಸುವ ಶೋಧ ವಿಧಾನಗಳನ್ನು ಬಳಸುತ್ತವೆ. ಗೂಗಲ್‌ನ ಓಆರ್-ಟೂಲ್ಸ್ ಮತ್ತು ಆಪ್ಟಾಪ್ಲಾನರ್ ಇದಕ್ಕೆ ನೆರವಾಗುವ ಮುಕ್ತ ತಂತ್ರಾಂಶಗಳು.

ಆರೋಗ್ಯ ಮತ್ತು ಮಿತಿಗಳು

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆಯು 2019ರಲ್ಲಿ ರಾತ್ರಿ ಪಾಳಿಯ ಕೆಲಸವನ್ನು ಮನುಷ್ಯರಲ್ಲಿ ಬಹುಶಃ ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿತು. ಆದ್ದರಿಂದ ಪಾಳಿಪಟ್ಟಿಯು ಕೇವಲ ಕಚೇರಿಯ ಅನುಕೂಲದ ವಿಷಯವಲ್ಲ. ದಣಿದ ದಾದಿಯಿಂದ ಔಷಧದ ಪ್ರಮಾಣದಲ್ಲಿ ತಪ್ಪಾದರೆ ಅಪಾಯ ರೋಗಿಗೆ.

ಸಿಬ್ಬಂದಿಯ ಕೊರತೆಯನ್ನು ತಂತ್ರಾಂಶ ನೀಗಿಸಲಾರದು. ಮೇಲಿನ ವಾರ್ಡಿನಲ್ಲಿ 11 ಮಂದಿ ಮಾತ್ರ ಇದ್ದರೆ 66 ಡ್ಯೂಟಿಗಳಷ್ಟೇ ತುಂಬುತ್ತವೆ. ಉಳಿದ 18ಕ್ಕೆ ನಿಯಮಬದ್ಧ ಪಟ್ಟಿಯೇ ಇರುವುದಿಲ್ಲ. ಆಗ ತಂತ್ರಾಂಶವು ಕೊರತೆಯನ್ನು ಅಂಕಿಗಳಲ್ಲಿ ತೋರಿಸಬಲ್ಲದು. ಹೊಸ ನೇಮಕಾತಿಯೋ ಹೆಚ್ಚುವರಿ ಡ್ಯೂಟಿಯೋ ಎಂಬ ತೀರ್ಮಾನ ಆಡಳಿತಕ್ಕೆ ಸೇರಿದ್ದು.