ಮಾರಮ್ಮನ ಹಬ್ಬ

ಮಂಡ್ಯ, ಮೈಸೂರು, ಚಾಮರಾಜನಗರ, ತುಮಕೂರು. ಈ ಕಡೆ ಮಾರಮ್ಮನ ಗುಡಿ ಇಲ್ಲದ ಊರು ಸಿಗುವುದು ಕಷ್ಟ. ಊರ ಅಂಚಿನಲ್ಲಿ ಒಂದು ಬೇವಿನ ಮರ. ಅದರ ನೆರಳಲ್ಲಿ ಚಿಕ್ಕ ಗುಡಿ. ಒಳಗೆ ಅಮ್ಮ. ಕೆಲವು ಕಡೆ ಮೂರ್ತಿಯೂ ಇರುವುದಿಲ್ಲ. ಅರಿಶಿನ ಕುಂಕುಮ ಹಚ್ಚಿದ ಕಲ್ಲೇ ದೇವರು. ಉತ್ತರ ಕರ್ನಾಟಕದ ಕಡೆ ಹೋದರೆ ಇವಳೇ ದ್ಯಾಮವ್ವ, ದುರ್ಗವ್ವ. ಶಿರಸಿಯಲ್ಲಿ ಮಾರಿಕಾಂಬೆ. ಹೆಸರು ಬೇರೆ ಬೇರೆ. ಎಲ್ಲರೂ ಊರು ಕಾಯುವ ತಾಯಂದಿರೇ.

ಈ ಹಬ್ಬ ಹೆಚ್ಚಿನ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ, ಬಿಸಿಲು ಏರುವ ಕಾಲಕ್ಕೆ ಬರುತ್ತದೆ. ಆ ಕಾಲಕ್ಕೇ ಏಕೆ? ಕೈಯಲ್ಲಿ ನಾಲ್ಕು ಕಾಸು ಇರುತ್ತದೆ, ಕೆಲಸ ಕಡಿಮೆ ಇರುತ್ತದೆ, ನಿಜ. ಇನ್ನೊಂದು ಮಾತೂ ಇದೆ. ಹಿಂದೆ ಸಿಡುಬು ಹೆಚ್ಚಾಗಿ ಹರಡುತ್ತಿದ್ದುದು ಮಳೆಗಾಲಕ್ಕೆ ಮುಂಚಿನ ಒಣ ಹವೆಯ ದಿನಗಳಲ್ಲಿ. ಸಿಡುಬು ಬಂದರೆ "ಅಮ್ಮ ಬಂದವ್ಳೆ" ಅನ್ನುತ್ತಿದ್ದರು. ರೋಗದ ಹೆಸರು ಹೇಳಲೂ ಹೆದರಿಕೆ. ಸಿಡುಬು ಬಂದ ಹತ್ತು ಜನರಲ್ಲಿ ಮೂರು ಜನ ಸಾಯುತ್ತಿದ್ದರು. ಉಳಿದವರ ಮುಖದ ಮೇಲೆ ಕಲೆ. ಕೆಲವರಿಗೆ ಕಣ್ಣೇ ಹೋಗುತ್ತಿತ್ತು. ಅಮ್ಮನನ್ನು ತಣ್ಣಗೆ ಮಾಡಿ ಕಳಿಸಬೇಕು ಎಂದು ಊರಿಗೆ ಊರೇ ಸೇರಿ ಹಬ್ಬ ಮಾಡುತ್ತಿತ್ತು.

ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹಬ್ಬದ ಒಂದೊಂದು ಪದ್ಧತಿಯನ್ನೂ ನೋಡೋಣ.

ಮೊದಲು ಸಾರು ಹಾಕುತ್ತಾರೆ. ಅಂದರೆ ತಮಟೆ ಬಡಿದು ಹಬ್ಬ ಸಾರುತ್ತಾರೆ. ಸಾರು ಬಿದ್ದ ಮೇಲೆ ಊರಿನವರು ಪರವೂರಿನಲ್ಲಿ ರಾತ್ರಿ ತಂಗಬಾರದು ಎಂಬ ಕಟ್ಟು ಬಹಳ ಊರುಗಳಲ್ಲಿ ಇದೆ. ಹೊರಗಿನವರೂ ಬಂದು ಉಳಿಯುವ ಹಾಗಿಲ್ಲ. ಮನೆ ಸಾರಿಸಬೇಕು. ಸುಣ್ಣ ಬಳಿಯಬೇಕು. ಬೀದಿ ಗುಡಿಸಬೇಕು. ಬಾಗಿಲಿಗೆ ಬೇವಿನ ತೋರಣ ಕಟ್ಟಬೇಕು. ಅಂಟುರೋಗದ ಕಾಲದಲ್ಲಿ ಜನ ಓಡಾಡದೆ ಇರುವುದು ಎಷ್ಟು ದೊಡ್ಡ ಕೆಲಸ ಎಂದು 2020ರಲ್ಲಿ ಕೊರೊನಾ ಬಂದಾಗ ನಾವೆಲ್ಲ ಕಂಡೆವಲ್ಲ! ಹಿರಿಯರಿಗೆ ರೋಗಾಣು ಗೊತ್ತಿತ್ತು ಎಂದು ನಾವು ಹೇಳುವುದಿಲ್ಲ. ಆದರೆ ರೋಗ ಮನುಷ್ಯರ ಜೊತೆ ಊರಿಂದ ಊರಿಗೆ ಬರುತ್ತದೆ ಎಂಬುದನ್ನು ಅವರು ಕಣ್ಣಾರೆ ನೋಡಿದ್ದರು.

ಇನ್ನು ಅಡುಗೆ ಮನೆ. "ಒಗ್ಗರಣೆ ಹಾಕ್ಬೇಡಿ ಕಣ್ರವ್ವ, ಅಮ್ಮನಿಗೆ ಕಾವು ಆಗಾಕಿಲ್ಲ" ಎಂದು ಅತ್ತೆಯರು ಹೇಳುವುದನ್ನು ಕೇಳಿದ್ದೀರಿ. ಮೆಣಸಿನಕಾಯಿ ಒಗ್ಗರಣೆಯ ಘಾಟು ನಮಗೇ ಕಣ್ಣು ಉರಿಸುತ್ತದೆ, ಕೆಮ್ಮು ತರಿಸುತ್ತದೆ. ಮೈತುಂಬ ಗುಳ್ಳೆ ಎದ್ದು, ಕಣ್ಣು ಕೆಂಪಾಗಿ ಮಲಗಿದ ಮಗುವಿಗೆ ಹೇಗಿರಬೇಡ? ಹಬ್ಬದ ಎಡೆಯೂ ತಂಪಿನದೇ. ಮೊಸರನ್ನ, ಮಜ್ಜಿಗೆ, ಪಾನಕ, ಹಸಿ ತಂಬಿಟ್ಟು. ಅಕ್ಕಿ ನೆನೆಸಿ, ನೆರಳಲ್ಲಿ ಆರಿಸಿ, ಕುಟ್ಟಿ, ಬೆಲ್ಲ ಬೆರೆಸಿದರೆ ತಂಬಿಟ್ಟು ಆಯಿತು. ಒಲೆಯ ಹಂಗೇ ಇಲ್ಲ.

ಆರತಿಯ ದಿನ ನೋಡಬೇಕು. ತಂಬಿಟ್ಟಿನ ಉಂಡೆಯಲ್ಲಿ ಗುಳಿ ಮಾಡಿ, ತುಪ್ಪ ಹಾಕಿ, ಬತ್ತಿ ಹಚ್ಚುತ್ತೇವೆ. ತಟ್ಟೆಗೆ ಹೂವು, ಹೊಂಬಾಳೆ ಸಿಂಗರಿಸುತ್ತೇವೆ. ತಟ್ಟೆಯನ್ನು ತಲೆಯ ಮೇಲೆ ಹೊತ್ತು, ಸಾಲಾಗಿ ಗುಡಿಗೆ ಹೋಗುತ್ತೇವೆ. ಮುಂದೆ ತಮಟೆ. ಕಾಲಿನ ಕೆಳಗೆ ಮಡಿವಾಳರು ಹಾಸಿದ ನಡೆಮಡಿ. ಕುಂಬಾರರ ಹೊಸ ಮಡಕೆ, ಬಡಗಿಯ ಕೆಲಸ, ಎಲ್ಲರದ್ದೂ ಒಂದೊಂದು ಪಾಲು. ಎಲ್ಲರೂ ಸೇರದೆ ಈ ಹಬ್ಬ ಆಗುವುದಿಲ್ಲ. ಹಾಗಿದ್ದೂ ತಮಟೆ ಬಡಿದವರನ್ನು ಗುಡಿಯ ಹೊರಗೇ ನಿಲ್ಲಿಸುವ ಊರುಗಳಿವೆ. ಅದು ತಪ್ಪು. 1955ರಿಂದ ಅದು ಶಿಕ್ಷೆ ಆಗುವ ಅಪರಾಧ ಕೂಡ.

ಗುಡಿಯ ಆವರಣದಲ್ಲಿ ಕೋಣ, ಕುರಿ ಕಡಿಯುವುದನ್ನೂ 1959ರ ಕಾನೂನು ನಿಲ್ಲಿಸಿದೆ. ಕೊಂಡ ಹಾಯುವ ಊರುಗಳಲ್ಲಿ ಮಕ್ಕಳನ್ನು ಎತ್ತಿಕೊಂಡು ಕೆಂಡಕ್ಕೆ ಇಳಿಯಬಾರದು. ಎಡವಿದರೆ ಇಬ್ಬರಿಗೂ ಸುಡುತ್ತದೆ.

ಹಬ್ಬದ ಕೊನೆಗೆ ಕೆಲವು ಊರುಗಳಲ್ಲಿ ಮಾರಿಯನ್ನು ಗಡಿ ದಾಟಿಸುತ್ತಾರೆ. ನಮ್ಮ ಊರಿನ ಗಡಿ ಅಂದರೆ ಪಕ್ಕದ ಊರಿನ ಹೊಲ! ಆ ಊರಿನವರು ಅಲ್ಲಿಂದ ಮುಂದಿನ ಊರಿನ ಗಡಿಗೆ ಸಾಗಿಸುತ್ತಿದ್ದರು. ಹೀಗೆ ಅಮ್ಮ ಊರೂರು ಸುತ್ತುತ್ತಿದ್ದಳು. ರೋಗವೂ ಸುತ್ತುತ್ತಿತ್ತು.

ಹೊಸ ರೋಗ ಬಂದಾಗ ಹೊಸ ಅಮ್ಮನೂ ಬಂದಳು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಜನ ಪ್ಲೇಗಿನಮ್ಮನಿಗೆ ಗುಡಿ ಕಟ್ಟಿದರು. 2021ರಲ್ಲಿ ಕೊಳ್ಳೇಗಾಲ ತಾಲ್ಲೂಕಿನ ಮಧುವನಹಳ್ಳಿಯಲ್ಲಿ ಕೊರೊನಾ ಮಾರಮ್ಮನ ಪೂಜೆಯೂ ನಡೆಯಿತು. ಹೆದರಿದಾಗ ಜನ ತಾಯಿಯನ್ನು ಕರೆಯುತ್ತಾರೆ. ಅದರಲ್ಲಿ ನಗುವಂಥದ್ದು ಏನೂ ಇಲ್ಲ.

ಆದರೆ ಸಿಡುಬು ಹೋದದ್ದು ಹೇಗೆ? ಲಸಿಕೆಯಿಂದ. ಇದರಲ್ಲಿ ಮೈಸೂರಿನ ಒಬ್ಬ ಹೆಣ್ಣುಮಗಳ ಪಾಲೂ ಇದೆ. 1806ರ ಹೊತ್ತಿಗೆ ಮೈಸೂರಿನ ರಾಣಿ ದೇವಾಜಮ್ಮಣ್ಣಿ ಸಿಡುಬಿನ ಲಸಿಕೆ ಹಾಕಿಸಿಕೊಂಡರು. ಆಗ ಲಸಿಕೆ ಅಂದರೆ ಜನರಿಗೆ ಭಯ. ರಾಣಿಯೇ ಹಾಕಿಸಿಕೊಂಡದ್ದು ನೋಡಿ ಉಳಿದವರೂ ಮುಂದೆ ಬಂದರು. ಆಮೇಲೆ ನೂರಕ್ಕೂ ಹೆಚ್ಚು ವರ್ಷ ಕೆಲಸ ನಡೆಯಿತು. 1975ರ ನಂತರ ನಮ್ಮ ದೇಶದಲ್ಲಿ ಸಿಡುಬು ಇಲ್ಲ. 1980ರಲ್ಲಿ ಇಡೀ ಲೋಕದಲ್ಲೇ ಅದು ಇಲ್ಲವಾಯಿತು ಎಂದು ಸಾರಿದರು. ನಿಮ್ಮ ಅಜ್ಜಿಯ ತೋಳಿನ ಮೇಲೆ ಉರುಟು ಕಲೆ ಇದ್ದರೆ ಕೇಳಿ ನೋಡಿ. ಅದು ಆ ಲಸಿಕೆಯ ಗುರುತೇ ಇರಬಹುದು.

ಸಿಡುಬು ಹೋಯಿತು. "ಅಮ್ಮ" ಎಂಬ ಮಾತು ಉಳಿಯಿತು. ಈಗ ದಡಾರ ಬಂದರೂ ಅಮ್ಮ, ಸೀತಾಳೆ ಸಿಡುಬು ಬಂದರೂ ಅಮ್ಮ. ಮಗುವಿಗೆ ಜ್ವರ ಬಂದು ಮೈಮೇಲೆ ಗುಳ್ಳೆ ಎದ್ದರೆ ಸಾಕು, "ಆಸ್ಪತ್ರೆಗೆ ಕರ್ಕೊಂಡು ಹೋದ್ರೆ ಅಮ್ಮ ಮುನಿದಾಳು" ಅನ್ನುವವರು ಇದ್ದಾರೆ. ನಮಗೆ ನೋವು ಆಗುವುದು ಇಲ್ಲೇ. ಬೇವಿನ ಸೊಪ್ಪು ಹಾಸಿ, ಮಗುವನ್ನು ಬೇರೆ ಮಲಗಿಸಿ, ಮೆತ್ತನೆ ಅನ್ನ ಮಜ್ಜಿಗೆ ಕೊಟ್ಟರೆ ಒಳ್ಳೆಯದೇ. ಬೇರೆ ಮಕ್ಕಳಿಗೆ ಅಂಟುವುದೂ ಕಡಿಮೆ ಆಗುತ್ತದೆ. ಬಸುರಿ ಹೆಂಗಸರಂತೂ ಆ ಮಗುವಿನ ಹತ್ತಿರ ಹೋಗಬಾರದು. ಆದರೆ ವೈದ್ಯರಿಗೆ ತೋರಿಸದೆ ಇರುವುದು, ಮದ್ದು ಕೊಡದೆ ಇರುವುದು ಬೇಡ.

ದಡಾರ ಚಿಕ್ಕ ರೋಗ ಅಲ್ಲ. ಗುಳ್ಳೆ ಬಾಡಿದ ಮೇಲೂ ಅದರ ಕಾಟ ಇರುತ್ತದೆ. ನ್ಯುಮೋನಿಯಾ ಆಗಬಹುದು. ಭೇದಿ ಹತ್ತಬಹುದು. ಕಣ್ಣು ಹೋಗಬಹುದು. ಸೊರಗಿದ ಮಕ್ಕಳ ಜೀವಕ್ಕೇ ಅಪಾಯ. ಮಗು ಏದುಸಿರು ಬಿಡುತ್ತಿದ್ದರೆ, ಹಾಲು ನೀರು ಕುಡಿಯದೆ ಇದ್ದರೆ, ಮಂಕಾಗಿ ಬಿದ್ದಿದ್ದರೆ, ಕಣ್ಣು ಮಬ್ಬಾದರೆ ಒಂದು ಗಳಿಗೆಯೂ ಕಾಯಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದಡಾರ ಬಂದ ಮಗುವಿಗೆ ಅಲ್ಲಿ ವಿಟಮಿನ್ ಎ ಹನಿ ಕೊಡುತ್ತಾರೆ. ಅದರಿಂದ ಕಣ್ಣೂ ಜೀವವೂ ಉಳಿಯುತ್ತವೆ. ದಾರಿಯಲ್ಲಿ ಮಾರಮ್ಮನ ಗುಡಿ ಸಿಕ್ಕರೆ ಕೈ ಮುಗಿದೇ ಹೋಗಿ. ಯಾವ ತಾಯಿ ತಾನೇ ಮಗು ಬದುಕಿದ್ದಕ್ಕೆ ಮುನಿಯುತ್ತಾಳೆ?

ರೋಗ ಬರುವ ಮುಂಚೆಯೇ ತಡೆಯುವುದಕ್ಕೆ ದಡಾರ-ರುಬೆಲ್ಲಾ ಲಸಿಕೆ ಇದೆ. ಸರ್ಕಾರಿ ಆಸ್ಪತ್ರೆಯಲ್ಲಿ ಇದಕ್ಕೆ ದುಡ್ಡು ಕೊಡಬೇಕಾಗಿಲ್ಲ. ಅಂಗನವಾಡಿಗೆ ನರ್ಸಮ್ಮ ಬಂದ ದಿನವೂ ಹಾಕುತ್ತಾರೆ. ಯಾವ ದಿನ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಒಂದು ಸಲ ಹಾಕಿಸಿದರೆ ಸಾಲದು, ಎರಡು ಸಲ ಹಾಕಿಸಬೇಕು. ಮೊದಲನೆಯದು ಮಗುವಿಗೆ ಒಂಬತ್ತು ತಿಂಗಳು ತುಂಬಿದಾಗ. ಎರಡನೆಯದು 16 ತಿಂಗಳಿಂದ 24 ತಿಂಗಳ ಒಳಗೆ. ಮರೆತುಹೋಗುವುದು ಈ ಎರಡನೆಯದೇ. ಅಷ್ಟು ಹೊತ್ತಿಗೆ ಮಗು ಓಡಾಡುತ್ತಿರುತ್ತದೆ, ನಾವು ಕೂಲಿಗೆ ಹೋಗುತ್ತಿರುತ್ತೇವೆ.

ಮನೆಯಲ್ಲಿ ತಾಯಿ ಕಾರ್ಡ್ ಇದೆಯಲ್ಲ, ಇವತ್ತು ಸಂಜೆ ಅದನ್ನು ತೆಗೆಯಿರಿ. ಲಸಿಕೆಯ ಪುಟದಲ್ಲಿ ದಡಾರ ಎಂಬ ಅಕ್ಷರಗಳನ್ನು ನೀವೇ ಹುಡುಕಿ ಓದಿ. ಅದರ ಎದುರಿನ ಎರಡು ಮನೆಗಳಲ್ಲೂ ತಾರೀಖು ಬರೆದಿದೆಯೇ ನೋಡಿ. ಒಂದು ಮನೆ ಖಾಲಿ ಇದ್ದರೆ ಕಾರ್ಡು ಹಿಡಿದುಕೊಂಡು ನರ್ಸಮ್ಮನ ಹತ್ತಿರ ಹೋಗಿ, "ಇದು ಖಾಲಿ ಅದೆ, ಯಾವಾಗ ಹಾಕ್ತೀರಿ?" ಎಂದು ಕೇಳಿ.