ಖೋ-ಖೋ ಅಂಗಳವೂ ಮನೆಯಂಗಳವೂ

ಕಾಲಿದ್ದವರು ಹಂಪೆಯನ್ನು ನೋಡಬೇಕು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕೆಂಬ ಮಾತು ನಮ್ಮ ಕಡೆ ಹಳೆಯದು. ಶಾಲೆ ಬಿಟ್ಟ ಮೇಲೆ ಇಲ್ಲಿ ಖೋ-ಖೋ ಆಡುವ ಹೆಣ್ಣುಮಕ್ಕಳನ್ನು ಕಂಡವರು ಮಾತ್ರ, ಕಾಲಿನ ಮಹಿಮೆಯೆಲ್ಲ ಹಂಪೆಗೇ ಸಂದಿತೆಂದು ಒಪ್ಪಲಾರರು.

ಖೋ-ಖೋ ಬಡವರ ಆಟವೆನ್ನುವುದುಂಟು. 27 ಮೀಟರು ಉದ್ದ, 16 ಮೀಟರು ಅಗಲದ ನೆಲ, ಎರಡು ಕಂಬ; ಬ್ಯಾಟು ಬೇಡ, ಚೆಂಡು ಬೇಡ. ಹಣವನ್ನು ಬೇಡದ ಈ ಆಟ ಜನರನ್ನು ಬೇಡುತ್ತದೆ. ಎಂಟು ಮಂದಿ ಸಾಲಾಗಿ ಕುಳಿತರೆ ಒಂಬತ್ತನೆಯವಳು ಬೆನ್ನಟ್ಟಬೇಕು; ಎದುರು ಪಕ್ಷದ ಮೂವರು ತಪ್ಪಿಸಿಕೊಳ್ಳಬೇಕು. ಓಟದ ಹುಡುಗಿ ಹೊಲದ ದಾರಿಯಲ್ಲಿ ಒಬ್ಬಳೇ ಅಭ್ಯಾಸ ಮಾಡಿಯಾಳು. ಇಲ್ಲಿ ಒಬ್ಬಳು ಬಾರದಿದ್ದರೆ ಉಳಿದ ಹನ್ನೊಂದು ಮಂದಿಯ ಸಂಜೆಯೂ ಕೆಟ್ಟಂತೆಯೇ. ಸಂಕಟದ ಬೇರಿರುವುದು ಇಲ್ಲಿ.

ಜೂನ್ ತಿಂಗಳಲ್ಲಿ ಶಾಲೆ ತೆರೆದು ಹೆಚ್ಚು ದಿನವಾಗುವುದಿಲ್ಲ, ಹೋಬಳಿ ಪಂದ್ಯಗಳ ಮಾತು ಮೊದಲಾಗುತ್ತದೆ. ಅಲ್ಲಿ ಗೆದ್ದರೆ ತಾಲ್ಲೂಕು, ಬಳಿಕ ಜಿಲ್ಲೆ, ವಿಭಾಗ, ರಾಜ್ಯ. ಮಳೆಯನ್ನು ನಂಬಿದ ಸಜ್ಜೆ, ತೊಗರಿಯ ಹೊಲಗಳಲ್ಲಿ ಕಳೆ ತೆಗೆಯುವ ಕಾಲವೂ ಅದೇ. ತಾಯಿ ಹೊಲದಿಂದ ಮರಳುವಷ್ಟರಲ್ಲಿ ಮನೆಯಲ್ಲಿ ನೀರು ತುಂಬಿರಬೇಕು, ಒಲೆ ಹೊತ್ತಿರಬೇಕು. ಅಷ್ಟರಲ್ಲಿ ಪಂಚಮಿ ಬರುತ್ತದೆ. ಗಂಡನ ಮನೆಯಿಂದ ಅಕ್ಕ ತವರಿಗೆ ಬರುತ್ತಾಳೆ. ಮನೆಯಲ್ಲಿ ಉಂಡಿ ಕಟ್ಟುತ್ತಾರೆ, ಮರಕ್ಕೆ ಜೋಕಾಲಿ ಹಾಕುತ್ತಾರೆ. ಅಪರೂಪಕ್ಕೆ ಬಂದ ಅಕ್ಕನೊಡನೆ ಜೋಕಾಲಿ ಜೀಕುವುದೋ, ಮೈದಾನದ ಸಾಲಿನಲ್ಲಿ ಕೂಡುವುದೋ? ಯಾವುದನ್ನು ಆರಿಸಿದರೂ ಒಂದು ಕಡೆಯವರಿಗೆ ಮುನಿಸು ತಪ್ಪದು.

ಆಡಿ ಬಂದ ಹುಡುಗ ಗಂಗಾಳದ ಮುಂದೆ ಕೂಡುತ್ತಾನೆ. ಆಡಿ ಬಂದ ಹುಡುಗಿ ಒಲೆಯ ಮುಂದೆ. ಇನ್ನು ಅವಳು ಮೈದಾನದಲ್ಲಿ ಕಳೆದ ಆ ಒಂದು ತಾಸು? ಅದನ್ನು ಅವಳಿಗೆ ಕಡವಾಗಿ ಕೊಟ್ಟವಳು ಬಹುಮಟ್ಟಿಗೆ ಅವಳ ತಂಗಿ. ಅಕ್ಕನ ಪಾಲಿನ ಕೊಡವನ್ನು ಹೊತ್ತ ಆ ಮಗುವಿನ ಹೆಸರು ಯಾವ ಪ್ರಶಸ್ತಿಪತ್ರದಲ್ಲೂ ಇರುವುದಿಲ್ಲ.

ಇದು ಹಳ್ಳಿಗಾಡಿನ ಕಥೆಯೆಂದು ಪಟ್ಟಣದ ವಾಚಕರು ಪುಟ ತಿರುವಬಾರದು. ನಸುಕಿನಲ್ಲಿ ಕ್ರಿಕೆಟ್ ತರಬೇತಿ, ಭಾನುವಾರ ಪಂದ್ಯ. ತಂದೆ ಸಾರಥಿ, ತಾಯಿ ಬುತ್ತಿ ಹೊರುವವಳು. ಹಿಂದಿನ ಸೀಟಿನಲ್ಲಿ ಮನೆಪಾಠದ ಪುಸ್ತಕ ಹಿಡಿದು ತೂಕಡಿಸುವ ಕಿರಿಯ ಮಗುವನ್ನು ನೋಡಿದ್ದೀರಷ್ಟೆ? ಕನಕಗಿರಿಯ ತಂಗಿಗೂ ಅದಕ್ಕೂ ಬಹಳ ಅಂತರವಿಲ್ಲ.

ಹಾಗೆಂದು ಆಟ ಬಿಡಿಸುವುದು ಮದ್ದಲ್ಲ. 2025ರ ಜನವರಿಯಲ್ಲಿ ನವದೆಹಲಿಯಲ್ಲಿ ನಡೆದ ಮೊದಲ ಖೋ-ಖೋ ವಿಶ್ವಕಪ್ಪಿನಲ್ಲಿ ನಮ್ಮ ವನಿತೆಯರು ನೇಪಾಳವನ್ನು 78-40ರಿಂದ ಸೋಲಿಸಿದರು. ಆ ತಂಡದಲ್ಲಿದ್ದ ಬಿ. ಚೈತ್ರಾ ತಿ. ನರಸೀಪುರ ತಾಲ್ಲೂಕಿನ ಕುರುಬೂರಿನವರು. ಆಡಿ ಬಂದುದೇನೆಂದು ಕೇಳುವ ಹಿರಿಯರಿಗೆ ಈಗ ಒಂದು ಹಳ್ಳಿಯ ಹೆಸರನ್ನಾದರೂ ಹೇಳಬಹುದು. ಆದರೆ ಹೆಚ್ಚಿನವರ ಆಟ ತಾಲ್ಲೂಕಿನಲ್ಲಿಯೇ ಮುಗಿಯುತ್ತದೆ; ಆ ಹುಡುಗಿಯರಿಗೂ ಸಂಜೆಯ ಒಂದು ತಾಸು ಸಲ್ಲಬೇಕೆಂಬುದೇ ನನ್ನ ವಾದ.

ಅಭ್ಯಾಸ ಎಷ್ಟು ಹೊತ್ತಿಗೆ ಮುಗಿಯುವುದೆಂಬುದನ್ನು ದೈಹಿಕ ಶಿಕ್ಷಕರು ಮೊದಲೇ ಮನೆಗೆ ತಿಳಿಸಿ, ಆ ಮಾತಿಗೆ ತಪ್ಪದಿದ್ದರೆ ಅರ್ಧ ಜಗಳ ಅಲ್ಲಿಗೇ ನಿಲ್ಲುತ್ತದೆ. ಪಂಚಮಿಗೆ ಎರಡು ದಿನ ಅಭ್ಯಾಸ ನಿಂತರೆ ಕಂಬಗಳೇನೂ ಓಡಿಹೋಗವು. ಕೊಡ ಹೊರಲು ಅಣ್ಣನಿಗೂ ಹೆಗಲುಂಟು. ಹೋಬಳಿ ಪಂದ್ಯದ ದಿನ ತಾಯಿಗೂ ತಂಗಿಗೂ ಶಾಲೆಯಿಂದಲೇ ಕರೆ ಹೋಗಲಿ. ಮೈದಾನದ ಅಂಚಿನ ಬೇವಿನ ನೆರಳಲ್ಲಿ ಇಬ್ಬರಿಗೆ ಜಾಗ ಸಿಕ್ಕೇ ಸಿಗುತ್ತದೆ.