ವಿದ್ಯಾಪೀಠವೂ ಉದ್ಯಮವೂ ಕೂಡಿ ಹೆಣೆದ ಜಾಲ

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನವು ತನ್ನ ಸೂಪರ್‌ಕಂಪ್ಯೂಟರ್ ಕೇಂದ್ರಗಳನ್ನು ಪರಸ್ಪರ ಜೋಡಿಸಲೆಂದು 1986ರಲ್ಲಿ ನಿರ್ಮಿಸಿದ ಜಾಲವು, ಸೆಕೆಂಡಿಗೆ 56 ಕಿಲೋಬಿಟ್‌ಗಳನ್ನು ಮಾತ್ರವೇ ಸಾಗಿಸಬಲ್ಲದ್ದಾಗಿದ್ದುದರಿಂದ, ಅಲ್ಪಕಾಲದಲ್ಲಿಯೇ ದಟ್ಟಣೆಗೆ ಸಿಲುಕಿ ಬಳಲಿತು. ಅದರ ಪುನರ್ನಿರ್ಮಾಣದ ಹೊಣೆಯನ್ನು 1987ರ ನವೆಂಬರಿನಲ್ಲಿ ವಹಿಸಿಕೊಂಡದ್ದು ಮಿಶಿಗನ್ನಿನ ವಿಶ್ವವಿದ್ಯಾಲಯಗಳ ಒಕ್ಕೂಟವಾದ ಮೆರಿಟ್. ಅದಕ್ಕೆ ನೆರವಾಗಿ ನಿಂತವು ಐಬಿಎಂ ಮತ್ತು ಎಂಸಿಐ ಎಂಬ ಎರಡು ಕಂಪನಿಗಳು ಹಾಗೂ ಮಿಶಿಗನ್ ರಾಜ್ಯ ಸರ್ಕಾರ.

ಸಂದೇಶವನ್ನು ಸಣ್ಣ ಸಣ್ಣ ತುಣುಕುಗಳಾಗಿ ವಿಭಜಿಸಿ, ಒಂದೊಂದರ ಮೇಲೂ ಗಮ್ಯಸ್ಥಾನದ ವಿಳಾಸವನ್ನು ನಮೂದಿಸಿ ಕಳುಹಿಸುವ ಈ ವ್ಯವಸ್ಥೆಯಲ್ಲಿ, ಕವಲುಗಳಲ್ಲೆಲ್ಲ ನಿಂತು ಆ ವಿಳಾಸವನ್ನೋದಿ ಮುಂದಿನ ಮಾರ್ಗವನ್ನು ನಿರ್ಣಯಿಸುವ ಯಂತ್ರವೇ ರೂಟರ್. ಐಬಿಎಂ ತನ್ನ ಹಲವು ಆರ್‌ಟಿ ಗಣಕಗಳನ್ನು ಒಂದುಗೂಡಿಸಿ ಅಂಥ ರೂಟರುಗಳನ್ನು ರಚಿಸಿತು. ಎಂಸಿಐ ದೂರಸಂಪರ್ಕ ಮಾರ್ಗಗಳನ್ನೊದಗಿಸಿತು. ಮೆರಿಟ್ ಇವೆಲ್ಲವನ್ನೂ ನಿರ್ವಹಿಸಿತು. 1988ರ ಜುಲೈನಲ್ಲಿ 13 ತಾಣಗಳನ್ನು ಕೂಡಿಸಿ ಆರಂಭವಾದ ಹೊಸ ಜಾಲದ ವೇಗ ಸೆಕೆಂಡಿಗೆ 1.5 ಮೆಗಾಬಿಟ್.

ನನ್ನ ದೃಷ್ಟಿಯಲ್ಲಿ ಈ ಸಹಯೋಗದ ಅಮೂಲ್ಯ ಫಲವು ವೇಗವೊಂದೇ ಅಲ್ಲ. ಪ್ರಯೋಗಶಾಲೆಯ ಏಕಾಂತದಲ್ಲಲ್ಲದೆ, ಸಹಸ್ರಾರು ಸಂಶೋಧಕರು ನಿತ್ಯವೂ ನೆಚ್ಚಿದ್ದ ಸಜೀವ ಜಾಲದ ಮೇಲೆಯೇ ಅಧ್ಯಾಪಕರೂ ಕಂಪನಿಗಳ ಇಂಜಿನಿಯರುಗಳೂ ಜೊತೆಗೂಡಿ ದುಡಿದು ಪಡೆದ ಅನುಭವಜ್ಞಾನವು ಎರಡೂ ಪಕ್ಷಗಳಿಗೆ ಸಂದಿತು. ಮುಂದೆ 45 ಮೆಗಾಬಿಟ್ ವೇಗಕ್ಕೇರಿದ ಈ ಜಾಲವು 1995ರ ಏಪ್ರಿಲಿನಲ್ಲಿ, ತನ್ನ ಸಂಚಾರಭಾರವನ್ನು ಖಾಸಗಿ ಜಾಲಗಳಿಗೆ ಒಪ್ಪಿಸಿ, ಸೇವೆಯಿಂದ ನಿವೃತ್ತವಾಯಿತು.